51ರ ಶೆವ್ರೊಲೆಗೆ ಓವರ್‌ಡ್ರೈವ್ ಆಟೊ ಗೇರ್‌ಬಾಕ್ಸ್: 700ಆರ್4 ಹಾಕಿಸಲಾ, 200-4ಆರ್ ಹಾಕಿಸಲಾ?

ಉಣಕಲ್_51 (ಹುಬ್ಬಳ್ಳಿ)

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ 1951ರ ಶೆವ್ರೊಲೆ ಇದೆ. ಮುಂಬೈನ ಶಿವ್ಡಿಯಲ್ಲಿ ಜಿಎಂ (ಜನರಲ್ ಮೋಟರ್ಸ್) ಗಾಡಿ ಜೋಡಿಸುತ್ತಿದ್ದ ಕಾಲದ್ದು. ಎರಡು ವರ್ಷದ ಹಿಂದೆ ತಂದೆ. ಹಿಂದಿನ ಮಾಲೀಕರು ಹಳೆಯ ಆರು ಸಿಲಿಂಡರ್ ಇಂಜಿನ್ ಇಳಿಸಿ 350 ಸ್ಮಾಲ್ ಬ್ಲಾಕ್ ವಿ8 ಕೂರಿಸಿದ್ದಾರೆ. ಅದರ ಹಿಂದೆ ಟಿಎಚ್350, ಅಂದರೆ ಮೂರು ಗೇರಿನ ಆಟೊಮ್ಯಾಟಿಕ್. ಟಾರ್ಕ್ ಟ್ಯೂಬ್ (ಹಿಂದಿನ ಗಾಲಿಗೆ ಹೋಗುವ ಶಾಫ್ಟ್ ಮುಚ್ಚಿದ್ದ ಕೊಳವೆ) ಕೂಡ ಹೋಗಿದೆ, ಹಿಂದಿನ ಆಕ್ಸಲ್‌ಗೆ ಬೇರೆ ಹೌಸಿಂಗ್ ಬಂದಿದೆ. ಕೊಯ್ದವನು ನಾನಲ್ಲ, ದಯವಿಟ್ಟು ಅದಕ್ಕೆ ಬಯ್ಯಬೇಡಿ.

ತೊಂದರೆ ಏನೆಂದರೆ ಬೈಪಾಸ್‌ನಲ್ಲಿ 100ಕ್ಕೆ ಹೋದರೆ ಆರ್‌ಪಿಎಂ 3300 ತೋರಿಸುತ್ತದೆ. ಇಂಜಿನ್‌ಗೆ ಏನೂ ಕಷ್ಟ ಇಲ್ಲ, ನಮಗೇ ಕಷ್ಟ. ಧಾರವಾಡಕ್ಕೆ ಹೋಗಿ ಬರುವಷ್ಟರಲ್ಲಿ ಕಿವಿ ಗುಂಯ್ ಅನ್ನುತ್ತದೆ. ಮೊನ್ನೆ ನಮ್ಮ ಮನೆಯವರು "ಇಷ್ಟು ಹೊತ್ತು ಗಿರಣಿಯಲ್ಲಿ ಕೂತಿದ್ದರೆ ಹಿಟ್ಟಾದರೂ ಆಗುತ್ತಿತ್ತು" ಎಂದರು. ಪೆಟ್ರೋಲಿನ ಲೆಕ್ಕ ನಾನು ಬರೆದಿಡುವುದನ್ನೇ ಬಿಟ್ಟಿದ್ದೇನೆ.

ಅದಕ್ಕೆ ನಾಲ್ಕನೇ ಗೇರ್ ಓವರ್‌ಡ್ರೈವ್ (ಅದೇ ವೇಗಕ್ಕೆ ಇಂಜಿನ್ ನಿಧಾನ ತಿರುಗುವ ಗೇರು) ಇರುವ ಆಟೊ ಗೇರ್‌ಬಾಕ್ಸ್ ಹಾಕಿಸೋಣ ಎಂದು. 700ಆರ್4, 200-4ಆರ್, 4ಎಲ್60ಇ, ಫೋರ್ಡ್ ಎಒಡಿ ಅಂತ ನಾಲ್ಕು ಹೆಸರು ಕಿವಿಗೆ ಬಿದ್ದಿವೆ. ಒಬ್ಬರು 700ಆರ್4 ಬಿಟ್ಟರೆ ಬೇರೆ ಇಲ್ಲ ಅನ್ನುತ್ತಾರೆ, ಇನ್ನೊಬ್ಬರು ಅದು ಸುಟ್ಟೇ ಹೋಗುತ್ತದೆ ಅನ್ನುತ್ತಾರೆ. ಹೊರಗಿನಿಂದ ತರಿಸಬೇಕು, ಒಂದೇ ಸಲ ತರಿಸುವಷ್ಟು ದುಡ್ಡು ಇದೆ, ಎರಡನೇ ಸಲ ಇಲ್ಲ. ರೇಸ್ ಗೀಸ್ ಏನೂ ಇಲ್ಲ. ಭಾನುವಾರ ಗದಗ, ವರ್ಷಕ್ಕೊಮ್ಮೆ ಅರೆಬೈಲು ಘಟ್ಟ ಇಳಿದು ಅಂಕೋಲಾ, ಅಷ್ಟೇ. ನಂಬಿಕೆಯ ಬಾಕ್ಸ್ ಯಾವುದು ಹೇಳಿ.

ಬೆಟಗೇರಿ_ಗ್ಯಾರೇಜು (ಗದಗ)

ಸರ್, ಗೇರ್‌ಬಾಕ್ಸ್ ಹೆಸರು ಆಮೇಲೆ. ನಿಮ್ಮ ಹಿಂದಿನ ಹೌಸಿಂಗ್‌ನಲ್ಲಿ ಕ್ರೌನ್-ಪಿನಿಯನ್ ರೇಶಿಯೊ, ಅಂದರೆ ಗಾಲಿಯ ಒಂದು ಸುತ್ತಿಗೆ ಶಾಫ್ಟ್ ಬರುವ ಸುತ್ತು, ಎಷ್ಟಿದೆ? ಅದನ್ನು ನೀವು ಬರೆದೇ ಇಲ್ಲ. ಅದು ಗೊತ್ತಿಲ್ಲದೆ ಗೇರ್‌ಬಾಕ್ಸ್ ಆರಿಸುವುದು ಕಾಲಿನ ಅಳತೆ ಕೊಡದೆ ಚಪ್ಪಲಿ ಹೊಲಿಸಿದ ಹಾಗೆ.

ಬಿಚ್ಚುವುದು ಬೇಡ. ಹಿಂದಿನ ಎರಡೂ ಗಾಲಿ ಎತ್ತಿ ಸ್ಟ್ಯಾಂಡ್ ಕೊಡಿ, ಮುಂದಿನ ಗಾಲಿಗೆ ಕಲ್ಲು ಇಡಿ, ಗೇರ್ ನ್ಯೂಟ್ರಲ್‌ಗೆ ಹಾಕಿ. ಟೈರಿನ ಮೇಲೆ ಒಂದು, ಪ್ರೊಪೆಲ್ಲರ್ ಶಾಫ್ಟ್ (ಗೇರ್‌ಬಾಕ್ಸ್‌ನಿಂದ ಹಿಂದಿನ ಹೌಸಿಂಗ್‌ಗೆ ಹೋಗುವ ಉದ್ದನೆಯ ದಂಡ) ಮೇಲೆ ಒಂದು ಸೀಮೆಸುಣ್ಣದ ಗೀಟು ಎಳೆಯಿರಿ. ಇಬ್ಬರು ಎರಡೂ ಗಾಲಿಯನ್ನು ಒಟ್ಟಿಗೆ ಒಂದು ಸುತ್ತು ತಿರುಗಿಸಲಿ, ಮೂರನೆಯವರು ಕೆಳಗೆ ಮಲಗಿ ಶಾಫ್ಟ್ ಎಷ್ಟು ಸುತ್ತು ಬಂತು ಎಣಿಸಲಿ. ಒಬ್ಬರೇ ಇದ್ದರೆ ಒಂದು ಗಾಲಿ ಅಲ್ಲಾಡದ ಹಾಗೆ ಹಿಡಿದಿಟ್ಟು ಇನ್ನೊಂದನ್ನು ಎರಡು ಸುತ್ತು ತಿರುಗಿಸಿ, ಲೆಕ್ಕ ಒಂದೇ. ಟೈರಿನ ಎತ್ತರವನ್ನೂ ಇಂಚಿನಲ್ಲಿ ಅಳೆದು ಬರೆಯಿರಿ.

ಮೆಣಸಿನಕಾಯಿ_ಇಂಪಾಲಾ (ಬ್ಯಾಡಗಿ)

700ಆರ್4 ಸುಟ್ಟೇ ಹೋಗುತ್ತದೆ ಎಂದು ಹೇಳುವವರಲ್ಲಿ ನಾನೂ ಒಬ್ಬನಿದ್ದೆ. ಈಗ ಹಾಗೆ ಹೇಳುವುದಿಲ್ಲ. ಯಾಕೆ ಅಂತ ಕೇಳಿ, ಸ್ವಲ್ಪ ಉದ್ದ ಇದೆ.

ನಮ್ಮ ಕಾಕಾರ ಇಂಪಾಲಾಗೆ 700ಆರ್4 ತರಿಸಿದೆವು. ಒಂದು ಗ್ಯಾರೇಜಿನವರು ಬಿಚ್ಚಿ, ಪೂರ್ತಿ ಕಿಟ್ ಹಾಕಿ ಕೂರಿಸಿ ಕೊಟ್ಟರು. ಹೆಸರು ಬೇಡ. ಊರಲ್ಲಿ ಬೆಣ್ಣೆ ಹಾಗೆ ಓಡಿತು. ಖುಷಿಯಾಗಿ ಶಿರಸಿ ಮೇಲೆ ಕುಮಟಾಗೆ ಹೋದೆವು. ಹೋಗುವಾಗ ಏನೂ ಇಲ್ಲ, ಇಳಿಜಾರು ಅಲ್ವಾ. ವಾಪಸ್ ಬರುವಾಗ ದೇವಿಮನೆ ಘಟ್ಟ ಹತ್ತುತ್ತಿದ್ದಾಗ ಮೂರನೇ ಗೇರಿನಲ್ಲಿ ಇಂಜಿನ್ ಸದ್ದು ಏರುತ್ತದೆ, ಗಾಡಿ ಮಾತ್ರ ಏರುವುದಿಲ್ಲ. ಕಾಕಾ ಇನ್ನಷ್ಟು ಒತ್ತಿದರು. ಅದೇ ತಪ್ಪು. ನಿಲ್ಲಿಸಿ ಆಯಿಲ್ ಕಡ್ಡಿ ಎಳೆದು ಕಾಕಾರ ಬಿಳಿ ಟವೆಲ್ಲಿಗೆ ಒರೆಸಿದೆ. ಹೊಸದಾಗಿ ಹಾಕಿದ ಕೆಂಪು ಆಯಿಲ್ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು. ಬೆಳ್ಳುಳ್ಳಿ ಒಗ್ಗರಣೆ ಸೀದ ಹಾಗೆ ವಾಸನೆ. ಟವೆಲ್ ಮೇಲೆ ಕಪ್ಪು ಪುಡಿ, ಬೆರಳಿಗೆ ಹಿಡಿದರೆ ನುಣ್ಣಗೆ. ಅದು ಕ್ಲಚ್ ಪ್ಲೇಟು. ಊರಿಗೆ ಟೋ ಮಾಡಿಸಿಕೊಂಡು ಬಂದೆವು.

ಬಿಚ್ಚಿದಾಗ ಮೂರು-ನಾಲ್ಕನೇ ಗೇರಿನ ಕ್ಲಚ್ ಪ್ಯಾಕ್ ಪೂರ್ತಿ ಹೋಗಿತ್ತು. ಕಾರಣ ಬಾಕ್ಸ್ ಅಲ್ಲ, ಒಂದು ಕೇಬಲ್. ಟಿವಿ ಕೇಬಲ್ ಅನ್ನುತ್ತಾರೆ, ಥ್ರಾಟಲ್ ವಾಲ್ವ್ ಕೇಬಲ್. ಕಾರ್ಬುರೇಟರ್‌ನಿಂದ ಗೇರ್‌ಬಾಕ್ಸ್ ಒಳಗೆ ಹೋಗುತ್ತದೆ. ಟಿಎಚ್350ರಲ್ಲಿಯೂ ಒಂದು ಕೇಬಲ್ ಇದೆ, ಆದರೆ ಅದು ಬರೀ ಕಿಕ್‌ಡೌನ್‌ಗೆ, ಅಂದರೆ ಜೋರಾಗಿ ಒತ್ತಿದಾಗ ಕೆಳಗಿನ ಗೇರಿಗೆ ಇಳಿಯಲು. ಅಲ್ಲಿ ಆಯಿಲ್ ಪ್ರೆಶರ್ ನೋಡಿಕೊಳ್ಳುವುದು ವ್ಯಾಕ್ಯೂಮ್ ಮಾಡ್ಯುಲೇಟರ್. 700ಆರ್4, 200-4ಆರ್ ಎರಡರಲ್ಲೂ ಹಾಗಲ್ಲ. ನೀವು ಎಷ್ಟು ಕಾಲು ಒತ್ತಿದ್ದೀರಿ ಎಂದು ಬಾಕ್ಸ್‌ಗೆ ಹೇಳುವುದೇ ಈ ಕೇಬಲ್. ಅದು ಸಡಿಲ ಇದ್ದರೆ ಪ್ರೆಶರ್ ಏರುವುದಿಲ್ಲ, ಪ್ಲೇಟು ಬಿಗಿಯಾಗಿ ಹಿಡಿಯುವುದಿಲ್ಲ, ಜಾರುತ್ತಾ ಸುಡುತ್ತದೆ. ನಮ್ಮ ಗ್ಯಾರೇಜಿನವರು ಟಿಎಚ್350 ಅಂದುಕೊಂಡು ಕೇಬಲನ್ನು ಪಟ್ಟಿ ಬಗ್ಗಿಸಿ ಸುಮ್ನೆ ಸಿಗಿಸಿದ್ದರು. ಪೂರ್ತಿ ಒತ್ತಿದರೂ ಅರ್ಧ ಮಾತ್ರ ಎಳೆಯುತ್ತಿತ್ತು. ಹೊಸ ಕಿಟ್ ಹಾಕಿ 300 ಕಿಮೀ ಕೂಡ ಆಗಿರಲಿಲ್ಲ.

ಎರಡನೇ ಸಲ ನಮ್ಮ ಕಾರ್ಬುರೇಟರ್‌ಗೆ ಸರಿಯಾದ ಬ್ರಾಕೆಟ್ ತರಿಸಿ, ಪ್ರೆಶರ್ ಗೇಜ್ ಹಾಕಿ ನೋಡಿದೆವು. ಆಕ್ಸಿಲರೇಟರ್ ಅಲ್ಲಾಡಿದ ಕೂಡಲೇ ಗೇಜಿನ ಮುಳ್ಳೂ ಅಲ್ಲಾಡಬೇಕು, ತಡ ಆಗಬಾರದು. ಈಗ ಅದೇ ಘಟ್ಟ ಎಷ್ಟು ಸಲ ಹತ್ತಿದ್ದೇವೋ ಲೆಕ್ಕ ಇಟ್ಟಿಲ್ಲ. ಅದೇ ಬಾಕ್ಸ್.

ಉಣಕಲ್_51 (ಹುಬ್ಬಳ್ಳಿ)

ಎಣಿಸಿದೆ. ಮಗ ಒಂದು ಗಾಲಿ, ನಮ್ಮ ಮಿಸ್ತ್ರಿ ಇನ್ನೊಂದು, ಕೆಳಗೆ ನಾನು. ಮೊದಲ ಸಲ ಮಗ ಜೋರಾಗಿ ತಿರುಗಿಸಿ ಲೆಕ್ಕ ತಪ್ಪಿತು. ಆಮೇಲೆ ಮೂರು ಸಲ ಮಾಡಿದೆವು, ಮೂರು ಸಲವೂ ನಾಲ್ಕು ಸುತ್ತು ಮತ್ತು ಒಂದು ಚೂರು. ಗೀಟು ಒಂದೂವರೆ ಬೆರಳಿನಷ್ಟು ಮುಂದೆ ನಿಲ್ಲುತ್ತದೆ ನೋಡಿ, ಅಷ್ಟು. ಟೈರ್ 27 ಇಂಚು. ಹೌಸಿಂಗ್ ಹಿಂದಿನ ಮುಚ್ಚಳಕ್ಕೆ 10 ಬೋಲ್ಟ್ ಇದೆ.

ಕೇಬಲ್ ಕಥೆ ಓದಿ ಹೊಟ್ಟೆಯಲ್ಲಿ ಸಂಕಟ ಆಯಿತು.

ಬೆಟಗೇರಿ_ಗ್ಯಾರೇಜು (ಗದಗ)

ಹಾಗಾದರೆ 4.11. ಈಗ ಎಲ್ಲ ತಾಳೆ ಆಯಿತು. 27 ಇಂಚಿನ ಟೈರು 100 ಕಿಮೀ ವೇಗದಲ್ಲಿ ನಿಮಿಷಕ್ಕೆ ಸುಮಾರು 774 ಸುತ್ತು ಬರುತ್ತದೆ. ಅದಕ್ಕೆ 4.11 ಹಾಕಿದರೆ ಸುಮಾರು 3180. ಟಿಎಚ್350ರ ಮೂರನೇ ಗೇರ್ ಒಂದಕ್ಕೆ ಒಂದು, ಮೇಲೆ ಕನ್ವರ್ಟರ್ (ಇಂಜಿನ್ ಎಳೆತವನ್ನು ಆಯಿಲ್ ಮೂಲಕ ಬಾಕ್ಸ್‌ಗೆ ದಾಟಿಸುವ ಭಾಗ) ಸ್ವಲ್ಪ ಜಾರುತ್ತದೆ, ಹಾಗಾಗಿ ನಿಮಗೆ 3300 ಕಾಣಿಸುತ್ತಿದೆ.

700ಆರ್4ರ ನಾಲ್ಕನೇ ಗೇರ್ 0.70. ಅಂದರೆ 100ಕ್ಕೆ ಸುಮಾರು 2225. 200-4ಆರ್‌ನದು 0.67, ಸುಮಾರು 2130. ಮೇಲಿನ ಗೇರಿನಲ್ಲಿ ಎರಡಕ್ಕೂ ಹೇಳುವಷ್ಟು ಫರಕು ಇಲ್ಲ. ಫರಕು ಇರುವುದು ಕೆಳಗೆ. 700ಆರ್4ರ ಮೊದಲ ಗೇರ್ 3.06, ಎರಡನೆಯದು 1.63. 200-4ಆರ್‌ನದು 2.74, 1.57. ನಿಮ್ಮ ಈಗಿನ ಬಾಕ್ಸ್‌ನದು 2.52, 1.52.

ನಿಮ್ಮ 4.11 ಜೊತೆ 700ಆರ್4ರ ಮೊದಲ ಗೇರ್ ಗುಣಿಸಿದರೆ 12.6 ಆಗುತ್ತದೆ. ಅದು ಕಬ್ಬಿನ ಲಾರಿಗೆ ಬೇಕಾದ ಗೇರು. ವಿ8ಗೆ ಅಷ್ಟು ಬೇಡವೇ ಬೇಡ. ಚೆನ್ನಮ್ಮ ಸರ್ಕಲ್ ಸಿಗ್ನಲ್‌ನಲ್ಲಿ ಕಾಲು ಇಟ್ಟರೆ ಅರ್ಧ ಸರ್ಕಲ್ ದಾಟುವುದರೊಳಗೆ ಮೊದಲ ಗೇರ್ ಮುಗಿದು, ಎರಡಕ್ಕೆ ಬೀಳುವಾಗ ಆರ್‌ಪಿಎಂ ಹತ್ತಿರ ಹತ್ತಿರ ಅರ್ಧಕ್ಕೆ ಇಳಿದು, ಗಾಡಿ ಮುಗ್ಗರಿಸಿದ ಹಾಗೆ ಆಗುತ್ತದೆ. 200-4ಆರ್‌ನಲ್ಲಿ 11.3, ಇದೂ ಜಾಸ್ತಿಯೇ, ಆದರೆ ನಡೆಯುತ್ತದೆ. ನಿಮ್ಮ ರೇಶಿಯೊ 3.08 ಇದ್ದಿದ್ದರೆ ನಾನೇ 700ಆರ್4 ಹಾಕಿಸಿ ಅನ್ನುತ್ತಿದ್ದೆ.

ಗೋಕುಲ್_ರೋಡ್_ಲೇತ್ (ಹುಬ್ಬಳ್ಳಿ)

ನಾನು ಗೇರ್‌ಬಾಕ್ಸ್ ಮಿಸ್ತ್ರಿ ಅಲ್ಲ, ಲೇತ್ ಕೆಲಸದವನು. ಲಾರಿ, ಬಸ್ಸು, ಜೀಪಿನ ಪ್ರೊಪೆಲ್ಲರ್ ಶಾಫ್ಟ್ ಕತ್ತರಿಸಿ ಬ್ಯಾಲೆನ್ಸ್ ಮಾಡುವುದೇ ದಿನದ ಕೆಲಸ. ಹೀಗಾಗಿ ಅಡ್ಡ ಪ್ರಶ್ನೆ ಕೇಳುತ್ತೇನೆ. ಚೆನ್ನಾಗಿ ಓಡುತ್ತಿರುವ ಟಿಎಚ್350 ಯಾಕೆ ಇಳಿಸುತ್ತೀರಿ ರೀ? ಹಿಂದೆ 4.11 ಇದೆ ಎಂದು ಈಗ ಗೊತ್ತಾಯಿತು. ಅದೇ 10 ಬೋಲ್ಟ್ ಹೌಸಿಂಗ್‌ಗೆ 3.08 ಕ್ರೌನ್-ಪಿನಿಯನ್ ತರಿಸಿ. 100ಕ್ಕೆ 2400ರ ಹತ್ತಿರ ಇಳಿಯುತ್ತದೆ. ಕೇಬಲ್ ಇಲ್ಲ, ವೈರಿಂಗ್ ಇಲ್ಲ, ಕ್ರಾಸ್ ಮೆಂಬರ್ (ಬಾಕ್ಸ್ ಕೂರುವ ಚಾಸಿಯ ಅಡ್ಡಪಟ್ಟಿ) ಕೊಯ್ಯುವುದಿಲ್ಲ. ಟಿಎಚ್350 ಅಂದರೆ ಎತ್ತಿನ ಜಾತಿ, ಕಡಿಮೆ ಭಾಗ, ಕಡಿಮೆ ರಗಳೆ.

ಗೇರ್‌ಬಾಕ್ಸೇ ಬೇಕು ಅಂದರೆ ಉದ್ದ ನೋಡಿ. ಗಿಡ್ಡ ಬಾಲದ ಟಿಎಚ್350 ಮತ್ತು 200-4ಆರ್ ಎರಡೂ ಸುಮಾರು 27.7 ಇಂಚು. 700ಆರ್4 ಅದಕ್ಕಿಂತ ಮೂರು ಇಂಚು ಉದ್ದ. ಅಂದರೆ 700ಆರ್4 ಹಾಕಿದರೆ ಶಾಫ್ಟ್ ಮೂರು ಇಂಚು ಕತ್ತರಿಸಿ ಮತ್ತೆ ಬ್ಯಾಲೆನ್ಸ್ ಮಾಡಬೇಕು. ನನಗೆ ಕೆಲಸ ಸಿಗುತ್ತದೆ, ಆದರೂ ಹೇಳುತ್ತೇನೆ. 200-4ಆರ್‌ಗೆ ನಿಮ್ಮ ಈಗಿನ ಶಾಫ್ಟು, ಈಗಿನ ಯೋಕೇ (ಶಾಫ್ಟಿನ ತುದಿಯಲ್ಲಿ ಬಾಕ್ಸ್ ಒಳಗೆ ಕೂರುವ ಭಾಗ) ಆಗುತ್ತದೆ, ಮೂರು ಬಾಕ್ಸಿಗೂ 27 ಸ್ಪ್ಲೈನ್, ಅಂದರೆ ಹಲ್ಲು. ಆದರೆ ಅದರ ಮೌಂಟ್ ಟಿಎಚ್350ಗಿಂತ ಬಹಳ ಹಿಂದೆ ಇದೆ, ಕ್ರಾಸ್ ಮೆಂಬರ್ ಹಿಂದಕ್ಕೆ ಸರಿಸಲೇಬೇಕು. ಆ ಜಾಗದಲ್ಲಿ ಸೈಲೆನ್ಸರ್ ಪೈಪ್ ಹಾದು ಹೋಗಿದೆಯಾ ನೋಡಿ.

ಬಾಕ್ಸ್ ಯಾವುದೇ ಇರಲಿ, ಎಲ್ಲರೂ ಮಾಡುವ ತಪ್ಪು ಒಂದಿದೆ. ಕನ್ವರ್ಟರನ್ನು ಬಾಕ್ಸ್ ಒಳಗೆ ತಿರುಗಿಸುತ್ತಾ ತಳ್ಳಿದರೆ ಒಂದೊಂದೇ ಹಂತ 'ಕಟಕ್' ಅಂತ ಒಳಗೆ ಕೂರುತ್ತದೆ. ಕೊನೆಯ ಹಂತ ಕೂರದೇ ಇದ್ದಾಗ ಜನ ಬೋಲ್ಟ್ ಹಾಕಿ ಎಳೆದು ಕೂರಿಸುತ್ತಾರೆ. ಪಂಪ್ ಅಲ್ಲೇ ಒಡೆಯಿತು ಅಂತ ತಿಳಿಯಿರಿ. ಬಾಕ್ಸ್ ಇಂಜಿನ್‌ಗೆ ಪೂರ್ತಿ ಬಿಗಿದ ಮೇಲೂ ಕನ್ವರ್ಟರ್ ಕೈಯಲ್ಲಿ ತಿರುಗಬೇಕು. ಅದಕ್ಕೂ ಫ್ಲೆಕ್ಸ್ ಪ್ಲೇಟ್‌ಗೂ (ಇಂಜಿನ್ ಹಿಂದಿನ ತೆಳು ಚಕ್ರ) ನಡುವೆ ಮೂರು ಮಿಮೀ ಹತ್ತಿರ ಸಂದು ಇರಬೇಕು, ಆಮೇಲೆ ಅದನ್ನು ಮುಂದಕ್ಕೆ ಎಳೆದು ಬೋಲ್ಟ್ ಹಾಕಬೇಕು.

ಬೆಟಗೇರಿ_ಗ್ಯಾರೇಜು (ಗದಗ)

ಲೇತ್ ಅಣ್ಣ ಹೇಳಿದ್ದು ಖರೆ, ಅದನ್ನು ನಾನೇ ಮೊದಲು ಹೇಳಬೇಕಿತ್ತು. ಆದರೆ 3.08 ಜೊತೆ ಟಿಎಚ್350ರ ಮೊದಲ ಗೇರ್ 7.8ಕ್ಕೆ ಇಳಿಯುತ್ತದೆ. ಸಪಾಟು ಗದಗ ರಸ್ತೆಗೆ ಏನೂ ಆಗುವುದಿಲ್ಲ. ಅರೆಬೈಲಿನಲ್ಲಿ ಲಾರಿ ಹಿಂದೆ ನಿಂತು ನಿಂತು ಹತ್ತುವಾಗ ಕನ್ವರ್ಟರ್ ಜಾಸ್ತಿ ಜಾರುತ್ತದೆ, ಆಯಿಲ್ ಕಾಯುತ್ತದೆ. ಈಗಿನ 10.4ರ ಎಳೆತಕ್ಕೆ ರೂಢಿಯಾದವರಿಗೆ ಗಾಡಿ ಮಂದ ಆಯಿತು ಅನ್ನಿಸುವುದಂತೂ ಗ್ಯಾರಂಟಿ.

ಕೆಲಗೇರಿ_ವಿ8 (ಧಾರವಾಡ)

ಉಳಿದ ಎರಡು ಹೆಸರಿನ ಬಗ್ಗೆ. ಫೋರ್ಡ್ ಎಒಡಿ ಫೋರ್ಡ್ ಇಂಜಿನ್‌ಗೆ ಕೂರುವುದು, ನಿಮ್ಮ ಬ್ಲಾಕ್ ಹಿಂದೆ ಬೋಲ್ಟ್ ಕೂಡುವುದಿಲ್ಲ. ಬಿಟ್ಟುಬಿಡಿ. 4ಎಲ್60ಇ ಅಂದರೆ 700ಆರ್4ರ ತಮ್ಮ. 700ಆರ್4ಕ್ಕೆ 1990ರಲ್ಲಿ 4ಎಲ್60 ಅಂತ ಹೆಸರಾಯಿತು, 1993ರಿಂದ ಕಂಪ್ಯೂಟರ್ ಸೇರಿ 'ಇ' ಬಂತು. ಟಿವಿ ಕೇಬಲ್ ಇಲ್ಲ, ಅದು ಸುಖ. ಆದರೆ ಕಾರ್ಬುರೇಟರ್ ಗಾಡಿಗೆ ಬೇರೆ ಕಂಟ್ರೋಲರ್ ಬೇಕು, ಥ್ರಾಟಲ್ ಸೆನ್ಸರ್ ಬೇಕು. ಆ ಡಬ್ಬಿ ರಿಪೇರಿಗೆ ಬಂದರೆ ಹುಬ್ಬಳ್ಳಿಯಲ್ಲಿ ಯಾರ ಹತ್ತಿರ ಒಯ್ಯುತ್ತೀರಿ? ಕೇಬಲ್ ಆದರೆ ನಾವೇ ನೋಡಿಕೊಳ್ಳಬಹುದು.

700ಆರ್4 ಬಂದದ್ದು 1982ರಲ್ಲಿ. ಮೊದಲ ವರ್ಷಗಳ ಬಾಕ್ಸ್ ಬೇಡ, ಒಳಗೆ ಸುಧಾರಣೆ ಆಗಿರುವ 1987ರ ನಂತರದ್ದೇ ಕೇಳಿ. 200-4ಆರ್ ಅದಕ್ಕಿಂತ ಒಂದು ವರ್ಷ ಹಳೆಯದು. ಸಾಮಾನ್ಯ ಕುಟುಂಬದ ಕಾರಿಗೆ ಹಾಕಿದ್ದು ನಾಜೂಕು, ಅದನ್ನು ಹಾಗೆಯೇ ತಂದು 350 ಹಿಂದೆ ಹಾಕಬೇಡಿ. ಆದರೆ ಅದೇ ಜಾತಿಯ ಬಾಕ್ಸನ್ನು ಬ್ಯೂಯಿಕ್ ಗ್ರ್ಯಾಂಡ್ ನ್ಯಾಷನಲ್ ಟರ್ಬೊ ಕಾರಿಗೂ ಹಾಕಿದ್ದರು, ಸರಿಯಾಗಿ ಕಟ್ಟಿದರೆ ಅಷ್ಟು ತಾಳುತ್ತದೆ. ಗಟ್ಟಿ ಭಾಗ ಹಾಕಿ ಕಟ್ಟಿ, ಟೆಸ್ಟ್ ಮಾಡಿದ್ದನ್ನೇ ತರಿಸಿ. ತೂಕದಲ್ಲೂ ಹಗುರ. 700ಆರ್4 ಸುಮಾರು 70 ಕೆಜಿ ಬಂದರೆ ಇದು 55ರ ಆಸುಪಾಸು. ಸಾಗಣೆ ಖರ್ಚು ಕೊಡುವವರು ನೀವು.

ಇನ್ನೊಂದು, ಇದನ್ನು ಅಮೆರಿಕದವರು ಹೇಳುವುದಿಲ್ಲ, ಅವರ ಸ್ಟೇರಿಂಗ್ ಎಡಗಡೆ ಇದೆ. ಟಿವಿ ಕೇಬಲ್, ಆಯಿಲ್ ಕೂಲರ್ ಪೈಪು ಎರಡೂ ಬಾಕ್ಸಿನ ಬಲಗಡೆಯಿಂದ ಬರುತ್ತವೆ. ನಮ್ಮ ಗಾಡಿಯಲ್ಲಿ ಸ್ಟೇರಿಂಗ್ ಬಾಕ್ಸು, ಬಲಗಡೆಯ ಸೈಲೆನ್ಸರ್ ಪೈಪು ಎಲ್ಲ ಅಲ್ಲೇ ಕಿಕ್ಕಿರಿದಿರುತ್ತವೆ. ಪೈಪಿಗೆ ಕೇಬಲ್ ತಾಗಿದರೆ ಮೇಲಿನ ಪ್ಲಾಸ್ಟಿಕ್ ಕರಗಿ ಕೇಬಲ್ ಬಿಗಿ ಹಿಡಿಯುತ್ತದೆ. ಮೇಲೆ ಬ್ಯಾಡಗಿಯವರ ಕಥೆ ಓದಿದ್ದೀರಲ್ಲ. ಗೇರ್ ಸೆಲೆಕ್ಟರ್ ಲಿವರ್ ಮಾತ್ರ ಎಡಗಡೆ ಇದೆ. ಹೀಗಾಗಿ ನಮ್ಮ ಬಲಗಡೆ ಸ್ಟೇರಿಂಗ್ ಕಾಲಮ್‌ನಿಂದ ರಾಡ್ ಎಳೆಯುವುದು ಭಾಳ ತಲೆನೋವು, ನೆಲದ ಮೇಲಿನ ಲಿವರ್ ಸುಲಭ.

ಕೂಲರ್ ಬೇರೆಯೇ ಹಾಕಿಸಿ, ರೇಡಿಯೇಟರ್ ತಳದಲ್ಲಿರುವ ಒಂದನ್ನೇ ನಂಬಬೇಡಿ. ಏಪ್ರಿಲ್ ಬಿಸಿಲಲ್ಲಿ ಉಣಕಲ್ ಟ್ರಾಫಿಕ್‌ನಲ್ಲಿ ನಿಂತರೆ ಗೊತ್ತಾಗುತ್ತದೆ. ಲಾಕಪ್ (ಕನ್ವರ್ಟರ್ ಜಾರದ ಹಾಗೆ ಒಳಗೆ ಬಿಗಿ ಹಿಡಿಯುವ ವ್ಯವಸ್ಥೆ) ವೈರಿಂಗನ್ನೂ ಮರೆಯಬೇಡಿ. ಓವರ್‌ಡ್ರೈವ್‌ನಲ್ಲಿ ಕನ್ವರ್ಟರ್ ಲಾಕ್ ಆಗದಿದ್ದರೆ ಆರ್‌ಪಿಎಂ ಇಳಿದ ಸುಖ ಒಂದು ಕಡೆ, ಆಯಿಲ್ ಕಾಯುವ ಕಷ್ಟ ಇನ್ನೊಂದು ಕಡೆ. ಬ್ರೇಕ್ ಸ್ವಿಚ್ ಮೂಲಕ ವೈರ್ ತನ್ನಿ, ಬ್ರೇಕ್ ಒತ್ತಿದರೆ ಲಾಕ್ ಬಿಡಬೇಕು. ಇಲ್ಲದಿದ್ದರೆ ಇಂಜಿನ್ ಬಂದ್ ಬೀಳುತ್ತದೆ.

ಆರ್‌ಸಿ_ನೋಡಿದ್ದೀರಾ (ಹಾವೇರಿ)

ಎಲ್ಲರೂ ಗೇರಿನ ಬಗ್ಗೆ ಹೇಳಿದಿರಿ, ನಾನು ಕಾಗದದ ಬಗ್ಗೆ ಕೇಳುತ್ತೇನೆ. ಆರ್‌ಸಿಯಲ್ಲಿ ವಿ8ರ ಇಂಜಿನ್ ನಂಬರ್ ಬರೆದಿದೆಯೋ, ಹಳೆಯ ಆರು ಸಿಲಿಂಡರ್‌ನದೇ ಇದೆಯೋ? ಬಲಗಡೆ ಹೆಡ್ಡಿನ ಮುಂದೆ ಬ್ಲಾಕ್ ಮೇಲೆ ಒಂದು ಸಪಾಟು ಜಾಗ ಇರುತ್ತದೆ, ಎಣ್ಣೆ ಜಿಡ್ಡು ಒರೆಸಿ ನೋಡಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್‌ಸಿಯಲ್ಲಿ ಇರುವ ವಿವರಕ್ಕೆ ತಾಳೆ ಆಗದ ಹಾಗೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಗಟ್ಟಿಯಾಗಿ ಹೇಳಿದೆ. 2021ರಲ್ಲಿ ಬಂದ ವಿಂಟೇಜ್ ನೋಂದಣಿ ಇದೆಯಲ್ಲ, 50 ವರ್ಷ ದಾಟಿದ ಗಾಡಿಗೆ, ಅದಕ್ಕೂ ಮೂಲ ರೂಪದಲ್ಲಿ ಇರಬೇಕು, ಇಂಜಿನ್, ಚಾಸಿ ಬದಲಾಗಿರಬಾರದು. ನಿಮ್ಮದು ಅದಕ್ಕೆ ಬರುವುದಿಲ್ಲ. ಗೇರ್‌ಬಾಕ್ಸ್‌ಗೆ ದುಡ್ಡು ಹಾಕುವ ಮೊದಲು ಇದನ್ನು ಬಗೆಹರಿಸಿಕೊಳ್ಳಿ. ಹೆದರಿಸುತ್ತಿಲ್ಲ. ಅಪಘಾತ ಆದ ದಿನ ವಿಮೆಯವರು ಮೊದಲು ನೋಡುವುದೇ ಆ ನಂಬರು.

ಉಣಕಲ್_51 (ಹುಬ್ಬಳ್ಳಿ)

ಆರ್‌ಸಿ ಅವರೇ, ಇವತ್ತು ಮುಂಜಾನೆ ಸೀಮೆಎಣ್ಣೆ ಬಟ್ಟೆ ಹಿಡಿದು ಒರೆಸಿ ನೋಡಿದೆ. ನಂಬರ್ ತಾಳೆ ಇದೆ, ಹಿಂದಿನವರು ಬರೆಸಿದ್ದಾರೆ. ಸಿಸಿ ಕೂಡ ಬದಲಾಗಿದೆ. ಉಸಿರು ಬಂತು.

ಲೇತ್ ಅಣ್ಣನ ಮಾತಿಗೆ ಎರಡು ರಾತ್ರಿ ನಿದ್ದೆ ಕೆಟ್ಟಿತು. ಖರ್ಚಿನ ಲೆಕ್ಕದಲ್ಲಿ ಅವರದೇ ಸರಿ. ಆದರೆ ನನಗೆ ಈಗಿನ ಎಳೆತ ಬಿಟ್ಟುಕೊಡಲು ಮನಸ್ಸಿಲ್ಲ, ಘಟ್ಟವೂ ಬೇಕು, ಬೈಪಾಸೂ ಬೇಕು. ಹೀಗಾಗಿ 4.11 ಹಾಗೇ ಇರಲಿ, 200-4ಆರ್ ತರಿಸುತ್ತೇನೆ. ಗಟ್ಟಿ ಮಾಡಿ ಕಟ್ಟಿದ್ದು, ಟೆಸ್ಟ್ ಮಾಡಿದ್ದು, ಜೊತೆಗೆ ಲಾಕಪ್ ಕನ್ವರ್ಟರು, ನನ್ನ ಕಾರ್ಬುರೇಟರ್‌ಗೆ ಆಗುವ ಕೇಬಲ್ ಬ್ರಾಕೆಟ್ ಎಲ್ಲ ಒಂದೇ ಪೆಟ್ಟಿಗೆಯಲ್ಲಿ. ಸೈಲೆನ್ಸರ್ ಪೈಪ್ ನೋಡಿದೆ, ಕ್ರಾಸ್ ಮೆಂಬರ್ ಹೋಗಬೇಕಾದ ಜಾಗದಲ್ಲಿಯೇ ಅಡ್ಡ ಹಾದಿದೆ. ಅದನ್ನು ಬಗ್ಗಿಸಬೇಕು. ಬ್ಯಾಡಗಿಯವರೇ, ಪ್ರೆಶರ್ ಗೇಜ್ ನಿಮ್ಮ ಹತ್ತಿರ ಇದ್ದರೆ ಎರಡು ದಿನಕ್ಕೆ ಕೊಡುತ್ತೀರಾ?

ಮೆಣಸಿನಕಾಯಿ_ಇಂಪಾಲಾ (ಬ್ಯಾಡಗಿ)

ಗೇಜ್ ತಗೊಂಡು ನಾನೇ ಬರುತ್ತೇನೆ. ಕೇಬಲ್ ಸೆಟ್ ಮಾಡುವಾಗ ಕಾರ್ಬುರೇಟರ್ ಹತ್ತಿರ ಕೈಯಲ್ಲಿ ಎಳೆದು ನೋಡಿದರೆ ಸಾಲದು. ಒಬ್ಬರು ಒಳಗೆ ಕೂತು ಪೆಡಲ್ ಪೂರ್ತಿ ಒತ್ತಬೇಕು, ಇನ್ನೊಬ್ಬರು ಬಾನೆಟ್ ಕೆಳಗೆ ನೋಡಬೇಕು. ಕೆಳಗಿನ ಕಾರ್ಪೆಟ್ ದಪ್ಪ ಇದ್ದರೆ ಪೆಡಲ್ ಪೂರ್ತಿ ಇಳಿಯುವುದೇ ಇಲ್ಲ, ನಮ್ಮದರಲ್ಲಿ ಅದೂ ಒಂದು ಆಗಿತ್ತು. ಊಟಕ್ಕೆ ಏನೂ ಬೇಡ, ಗಿರ್ಮಿಟ್ಟು ಮಿರ್ಚಿ ಸಾಕು.

ಗೋಕುಲ್_ರೋಡ್_ಲೇತ್ (ಹುಬ್ಬಳ್ಳಿ)

ಸರಿ, ನಿಮ್ಮಿಷ್ಟ. ಕ್ರಾಸ್ ಮೆಂಬರ್ ಬೋಲ್ಟ್ ಹಾಕಿ ಬಿಚ್ಚುವ ಹಾಗೆ ಮಾಡಿಸಿ, ಚಾಸಿಗೆ ವೆಲ್ಡ್ ಹೊಡೆಸಬೇಡಿ. ನಾಳೆ ಬಾಕ್ಸ್ ಇಳಿಸಬೇಕಾದರೆ ಕಟರ್ ಹಿಡಿಯಬೇಕಾಗುತ್ತದೆ. ಆಮೇಲೆ ಆ ಟಿಎಚ್350 ಮಾರುವುದಿದ್ದರೆ ಬೇರೆಯವರಿಗೆ ಹೇಳುವ ಮೊದಲು ನನಗೆ ಹೇಳಿ. ಕನ್ವರ್ಟರ್ ಸಮೇತ.